ಗೊರಕೆಯ ಸದ್ದು, ಗಂಟಲಿನ ಉಸಿರು

ದಂತವೈದ್ಯನಾದವನ ಬಳಿಗೆ ಜನರು ಹಲ್ಲುನೋವನ್ನೋ ವಸಡಿನ ರಕ್ತಸ್ರಾವವನ್ನೋ ತರುವುದು ಲೋಕರೂಢಿಯಾಗಿದ್ದರೂ, ಈಚಿನ ಕೆಲವು ವರ್ಷಗಳಿಂದ ಮುಂಬಯಿ ಬಳಿಯ ನಮ್ಮ ಡೊಂಬಿವಲಿಯ ಎಂಐಡಿಸಿ ಎಂಬ ಕೈಗಾರಿಕಾ ವಲಯದ ವಸತಿಪ್ರದೇಶದಲ್ಲಿ, ಹಲ್ಲಿಗೆ ಮೇಲ್ನೋಟಕ್ಕೆ ಯಾವ ಸಂಬಂಧವೂ ಇಲ್ಲದ ಒಂದು ಬೇಡಿಕೆಯನ್ನು ಹೊತ್ತು ನನ್ನ ಚಿಕಿತ್ಸಾಲಯದ ಮೆಟ್ಟಲೇರುವವರು ಹೆಚ್ಚುತ್ತ ಬಂದಿದ್ದಾರೆ. ಬರುವವರು ಸಾಮಾನ್ಯವಾಗಿ ದಂಪತಿಗಳು. ಮಾತು ತೆಗೆಯುವವರು ಹೆಚ್ಚಾಗಿ ಮನೆಯಾಕೆ. "ಡಾಕ್ಟ್ರೇ, ಇವರ ಗೊರಕೆಯಿಂದ ಮನೆಯಲ್ಲಿ ಒಬ್ಬರಿಗೂ ನಿದ್ದೆಯಿಲ್ಲ. ಹಲ್ಲಿಗೆ ಹಾಕುವ ಎಂಥದೋ ಕ್ಲಿಪ್ ಉಂಟಂತಲ್ಲ, ಅದೊಂದು ಮಾಡಿಕೊಡಿ" ಎಂದು ಅವರು ಹೇಳುವಾಗ, ಪಕ್ಕದಲ್ಲಿ ಕುಳಿತ ಯಜಮಾನರು ಸಂಕೋಚದಿಂದ ನೆಲ ನೋಡುತ್ತಿರುತ್ತಾರೆ. ಕರ್ನಾಟಕ ಸಂಘದ ಕಾರ್ಯಕ್ರಮ ಮುಗಿದು ಹೊರಗೆ ಬರುವಾಗ ಕೈಹಿಡಿದು ನಿಲ್ಲಿಸಿ ಕೇಳುವವರೂ, ಈ ಅಂಕಣಕ್ಕೆ ಪತ್ರ ಬರೆದು ವಿಚಾರಿಸುವವರೂ ಕೇಳುವುದು ಇದೇ ಪ್ರಶ್ನೆಯನ್ನು. 2022ರ ಫೆಬ್ರವರಿಯಲ್ಲಿ ಸಂಗೀತನಿರ್ದೇಶಕ ಬಪ್ಪಿ ಲಾಹಿರಿಯವರು ಮುಂಬಯಿಯಲ್ಲಿ ತೀರಿಕೊಂಡು, ಅವರ ಮರಣಕ್ಕೆ ನಿದ್ದೆಯಲ್ಲಿ ಉಸಿರು ತಡೆಯುವ ವ್ಯಾಧಿಯು ಕಾರಣವೆಂಬ ವೈದ್ಯರ ಮಾತು ಪತ್ರಿಕೆಗಳಲ್ಲಿ ಪ್ರಕಟವಾದಂದಿನಿಂದ, ಆ ಪ್ರಶ್ನೆಯಲ್ಲಿ ಬೇಸರದ ಜೊತೆಗೆ ಭಯವೂ ಸೇರಿಕೊಂಡಿದೆ. ಭಯ ಸೇರಿಕೊಂಡದ್ದು ಒಳ್ಳೆಯದೇ ಆಯಿತೆಂದು ನನ್ನ ಭಾವನೆ. ಏಕೆಂದರೆ ಕೇವಲ ಬೇಸರದಿಂದ ಬರುವವರಿಗೆ ಬೇಕಾಗಿರುವುದು ಸದ್ದು ನಿಲ್ಲುವುದಷ್ಟೆ, ಮತ್ತು ಈ ವ್ಯಾಧಿಯ ವಿಷಯದಲ್ಲಿ ಸದ್ದನ್ನು ಮಾತ್ರ ನಿಲ್ಲಿಸುವುದಕ್ಕಿಂತ ಅಪಾಯಕರವಾದ ಚಿಕಿತ್ಸೆ ಬೇರೊಂದಿಲ್ಲ.

ಗೊರಕೆ ಹುಟ್ಟುವುದು ಮೂಗಿನಲ್ಲಿ ಎಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದರ ಜನ್ಮಸ್ಥಾನವು ಮೂಗಿನ ಹಿಂಬದಿಯಿಂದ ಧ್ವನಿಪೆಟ್ಟಿಗೆಯವರೆಗೆ ಇಳಿದಿರುವ ಗಂಟಲಿನ ಓಣಿ. ಮೂಗಿನ ಹಾದಿಗೆ ಎಲುಬಿನ ಗೋಡೆಗಳುಂಟು. ಕೆಳಗಿನ ಶ್ವಾಸನಾಳಕ್ಕೆ ಮೃದ್ವಸ್ಥಿಯ ಉಂಗುರಗಳ ಆಧಾರವುಂಟು. ಇವೆರಡರ ನಡುವಣ ಗಂಟಲಿಗೆ ಮಾತ್ರ, ನುಂಗುವುದಕ್ಕೂ ನುಡಿಯುವುದಕ್ಕೂ ಅನುಕೂಲವಾಗುವಂತೆ ಸಂಕೋಚ-ವಿಕಾಸಗಳಿಗೆ ಒಳಪಡಬೇಕಾಗಿರುವುದರಿಂದ, ಪ್ರಕೃತಿಯು ಸುತ್ತಲೂ ಮಾಂಸಖಂಡಗಳನ್ನಲ್ಲದೆ ಬೇರೆ ಗಟ್ಟಿಯಾದ ಕಟ್ಟನ್ನು ಕೊಟ್ಟಿಲ್ಲ. ಎಚ್ಚರದಲ್ಲಿ ಈ ಮಾಂಸಖಂಡಗಳು ಬಿಗಿಯಾಗಿದ್ದು ಹಾದಿಯನ್ನು ತೆರೆದಿಡುತ್ತವೆ. ನಿದ್ರೆ ಆಳವಾಗುತ್ತ ಹೋದಂತೆ ಆ ಬಿಗುವು ಸಡಿಲುತ್ತದೆ, ಅಂಗಾತ ಮಲಗಿದವನ ನಾಲಗೆಯ ಬುಡವು ತನ್ನ ಭಾರಕ್ಕೆ ತಾನೇ ಹಿಂದಕ್ಕೆ ಜಾರುತ್ತದೆ, ಮೃದುವಾದ ಹಿಂದಂಗುಳವೂ ಕಿರುನಾಲಗೆಯೂ ಜೋತುಬೀಳುತ್ತವೆ. ಇಕ್ಕಟ್ಟಾದ ಆ ಹಾದಿಯಲ್ಲಿ ಗಾಳಿ ನುಗ್ಗುವಾಗ ಸಡಿಲವಾದ ಭಾಗಗಳು ಕಂಪಿಸುವ ಸದ್ದೇ ಗೊರಕೆ. ಇಕ್ಕಟ್ಟು ಇನ್ನೂ ಹೆಚ್ಚಿದರೆ, ಕಾಫಿ ಸೋಸುವ ಬಟ್ಟೆಯ ಚೀಲ ತೊಯ್ದಮೇಲೆ ಅದರ ಎರಡು ಮೈಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ, ಉಸಿರನ್ನೆಳೆಯುವ ಎದೆಯ ಸೆಳೆತಕ್ಕೇ ಗಂಟಲಿನ ಗೋಡೆಗಳು ಕೂಡಿಕೊಂಡು ಹಾದಿ ಮುಚ್ಚಿಹೋಗುತ್ತದೆ. ಎದೆ ಏರಿಳಿಯುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಹೋಗದು. ಹತ್ತು ಸೆಕೆಂಡು ಅಥವಾ ಅದಕ್ಕೂ ಮಿಗಿಲಾಗಿ ಹೀಗೆ ಉಸಿರು ನಿಂತರೆ ಅದನ್ನು ಸ್ಲೀಪ್ ಅಪ್ನಿಯಾದ ಒಂದು ಆವೃತ್ತಿಯೆಂದು ವೈದ್ಯಶಾಸ್ತ್ರವು ಎಣಿಸುತ್ತದೆ.

ಆ ಮೌನದ ಅವಧಿಯಲ್ಲಿ ರಕ್ತದ ಆಮ್ಲಜನಕ ಇಳಿಯುತ್ತದೆ. ಇಳಿದುದನ್ನು ಅರಿತ ಮೆದುಳು ಮಲಗಿದವನನ್ನು ಅರೆಕ್ಷಣ ಎಚ್ಚರಿಸುತ್ತದೆ. ಅವನು ದೊಡ್ಡದಾಗಿ ಏದುಸಿರೆಳೆದು, ಹೊರಳಿ, ತಾನು ಎಚ್ಚತ್ತೆನೆಂಬ ಅರಿವೇ ಇಲ್ಲದೆ ಮರಳಿ ನಿದ್ರಿಸುತ್ತಾನೆ. ಪ್ರತಿ ಬಾರಿಯೂ ನಾಡಿ ಓಡುತ್ತದೆ, ರಕ್ತದ ಒತ್ತಡ ಏರುತ್ತದೆ. ಇಂಥ ಆವೃತ್ತಿಗಳು ಹಾಗೂ ಅರ್ಧಂಬರ್ಧ ತಡೆಗಳು ಗಂಟೆಗೆ 5ರಿಂದ 15ರಷ್ಟಿದ್ದರೆ ವ್ಯಾಧಿ ಸೌಮ್ಯವೆಂದೂ, 15ರಿಂದ 30ರಷ್ಟಿದ್ದರೆ ಮಧ್ಯಮವೆಂದೂ, 30ನ್ನು ಮೀರಿದರೆ ತೀವ್ರವೆಂದೂ ಗಣನೆ. ಗಂಟೆಗೆ ಮೂವತ್ತೆಂದರೆ ಎರಡು ನಿಮಿಷಕ್ಕೊಮ್ಮೆ ಉಸಿರಿಗೆ ತಡೆ, ಅದೂ ರಾತ್ರಿಯಿಡೀ, ವರ್ಷಾನುವರ್ಷ. ಔಷಧಕ್ಕೆ ಬಗ್ಗದ ರಕ್ತದೊತ್ತಡ, ಹೃದಯದ ಲಯಭಂಗ, ಪಾರ್ಶ್ವವಾಯು ಇವುಗಳಿಗೂ ಈ ವ್ಯಾಧಿಗೂ ಇರುವ ಸಂಬಂಧ ಇಂದು ವೈದ್ಯಲೋಕದಲ್ಲಿ ವಿವಾದದ ಮಾತಲ್ಲ.

ಈ ವ್ಯಾಧಿ ಅಡಗಿಕೊಳ್ಳುವುದಕ್ಕೆ ನಮ್ಮ ಊರಿನಷ್ಟು ಅನುಕೂಲವಾದ ತಾಣವನ್ನು ನಾನು ಬೇರೆ ಕಂಡಿಲ್ಲ. ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಡೊಂಬಿವಲಿ ಬಿಟ್ಟು ಠಾಣೆ ತಲಪುವುದರೊಳಗೆ, ಕುಳಿತವರೂ ನಿಂತವರೂ ಕಣ್ಣುಮುಚ್ಚಿ ತೂಕಡಿಸುವುದು ಇಲ್ಲಿಯವರಿಗೆ ನಿತ್ಯದ ದೃಶ್ಯ. ಆ ತೂಕಡಿಕೆಯನ್ನು ಪ್ರಯಾಣದ ದಣಿವಿನ ಲೆಕ್ಕಕ್ಕೆ ಬರೆದು ಎಲ್ಲರೂ ಸುಮ್ಮನಾಗುತ್ತಾರೆ. ಎಂಐಡಿಸಿಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವನು ಹಗಲೆಲ್ಲ ಜೋಲುಮುಖದಲ್ಲಿದ್ದರೆ ಅದು ಪಾಳಿಯ ಲೆಕ್ಕ. ಹೋಟೆಲಿನ ಗಲ್ಲಾದ ಮುಂದೆ ಮಧ್ಯಾಹ್ನ ಕಣ್ಣೆಳೆದರೆ ಅದು ಮುಂಜಾವದ ಏಳುವಿಕೆಯ ಲೆಕ್ಕ. ಹೀಗೆ ಪ್ರತಿಯೊಂದು ಲಕ್ಷಣಕ್ಕೂ ಒಂದು ಸುಲಭವಾದ ಕಾರಣವು ಕೈಯಳತೆಯಲ್ಲಿರುವುದರಿಂದ, ನಿಜವಾದ ಕಾರಣವನ್ನು ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಆದರೆ ಹುಡುಕಿದವರಿಗೆ ಕಂಡದ್ದೇನು? ಮುಂಬಯಿಯ ಹಿಂದುಜಾ ಆಸ್ಪತ್ರೆಯ ಶ್ವಾಸರೋಗತಜ್ಞ ಡಾ. ಝರೀರ್ ಉದ್ವಾಡಿಯಾ ಅವರೂ ಸಂಗಡಿಗರೂ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರೋಗಿಗಳೆಂದಲ್ಲದೆ ವಾಡಿಕೆಯ ಆರೋಗ್ಯತಪಾಸಣೆಗೆಂದು ಬಂದ 35ರಿಂದ 65 ವರ್ಷದ ನಗರವಾಸಿ ಗಂಡಸರನ್ನು ಪರೀಕ್ಷಿಸಿ, ಅವರ ಪೈಕಿ ಶೇಕಡ 19.5ರಷ್ಟು ಮಂದಿಗೆ ನಿದ್ದೆಯಲ್ಲಿ ಉಸಿರಿನ ತೊಡಕಿದೆಯೆಂದೂ, ಶೇಕಡ 7.5ರಷ್ಟು ಮಂದಿಗೆ ತೊಡಕಿನ ಜೊತೆಗೆ ಹಗಲಿನ ಅತಿನಿದ್ರೆಯೂ ಸೇರಿ ವ್ಯಾಧಿಯ ಪೂರ್ಣರೂಪವೇ ಇದೆಯೆಂದೂ ಅಂದಾಜು ಮಾಡಿದರು. ಆ ಪರೀಕ್ಷೆಗೊಳಗಾದವರು ದೂರದೇಶದವರಲ್ಲ; ನಮ್ಮೊಡನೆ ಅದೇ ಲೋಕಲಿನಲ್ಲಿ ಓಡಾಡುವಂಥ ಜನ. ಕಲ್ಯಾಣ್-ಶೀಳ್ ರಸ್ತೆಯ ಮೇಲೆ ರಾಸಾಯನಿಕದ ಟ್ಯಾಂಕರುಗಳು ಹಾದುಹೋಗುವುದನ್ನು ನೋಡುವಾಗಲೆಲ್ಲ, ಚಕ್ರ ಹಿಡಿದ ಚಾಲಕನು ನಿನ್ನೆ ರಾತ್ರಿ ಹೇಗೆ ಉಸಿರಾಡಿದನೋ ಎಂಬ ಯೋಚನೆ ನನಗೆ ಬಾರದೆ ಇರುವುದಿಲ್ಲ.

ಇದರಲ್ಲಿ ದಂತವೈದ್ಯನಿಗೇನು ಕೆಲಸ? ನಾಲಗೆಯನ್ನು ಮುಂದಕ್ಕೆಳೆದು ನಿಲ್ಲಿಸುವ ಮುಖ್ಯವಾದ ಮಾಂಸಖಂಡದ ಬೇರು ಗದ್ದದ ಎಲುಬಿನ ಒಳಮೈಯಲ್ಲಿದೆ; ಆದುದರಿಂದ ಕೆಳದವಡೆಯನ್ನು ಮುಂದಕ್ಕೆ ತಂದರೆ ನಾಲಗೆಯ ಬುಡವೂ ಅದರೊಡನೆ ಮುಂದೆ ಬರುತ್ತದೆ, ಗಂಟಲಿನ ಪಕ್ಕದ ಗೋಡೆಗಳೂ ಸೆಳೆತಕ್ಕೆ ಸಿಕ್ಕಿ ಅಗಲಗೊಳ್ಳುತ್ತವೆ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅರಿವಳಿಕೆಯ ವೈದ್ಯರು ಇದನ್ನು ಪ್ರತಿನಿತ್ಯ ಮಾಡುತ್ತಾರೆ: ರೋಗಿಯ ಪ್ರಜ್ಞೆ ತಪ್ಪಿ ನಾಲಗೆ ಹಿಂದೆ ಬಿದ್ದಾಗ, ದವಡೆಯ ಮೂಲೆಗಳಿಗೆ ಬೆರಳು ಕೊಟ್ಟು ಅದನ್ನು ಮುಂದಕ್ಕೆತ್ತುತ್ತಾರೆ, ನಿಂತ ಉಸಿರು ಹರಿಯುತ್ತದೆ. 19ನೆಯ ಶತಮಾನದ ಜರ್ಮನ್ ಶಸ್ತ್ರವೈದ್ಯ ಫ್ರೀಡ್ರಿಷ್ ಫಾನ್ ಎಸ್ಮಾರ್ಖ್ ಅವರ ಹೆಸರಿನೊಡನೆ ಸೇರಿಕೊಂಡಿರುವ ಈ ಕೈಚಳಕವನ್ನು, ಎಂಟು ಗಂಟೆಗಳ ಕಾಲ ಕೈಯಿಲ್ಲದೆಯೇ ನಡೆಸತಕ್ಕ ಉಪಕರಣವೇ, ನಮ್ಮ ಜನ ಕ್ಲಿಪ್ ಎಂದು ಕರೆಯುವ ದವಡೆ ಮುಂಚಾಚುವ ಸಾಧನ. ಪ್ಯಾರಿಸಿನ ದಂತವೈದ್ಯ ಪಿಯೆರ್ ರೋಬೆನ್ ಅವರು 1902ರಲ್ಲಿಯೇ ಇಂಥ ಒಂದು ಏಕಖಂಡದ ಸಾಧನವನ್ನು ವರ್ಣಿಸಿ, 1923ರಲ್ಲಿ, ಹುಟ್ಟಿನಿಂದಲೇ ಕಿರಿದಾದ ದವಡೆಯುಳ್ಳ ಶಿಶುಗಳಲ್ಲಿ ನಾಲಗೆ ಹಿಂದೆ ಬಿದ್ದು ಉಸಿರು ಕಟ್ಟುವುದನ್ನು ಲೋಕಕ್ಕೆ ತೋರಿಸಿಕೊಟ್ಟರು. ಉಸಿರಿಗೂ ದವಡೆಗೂ ಇರುವ ನಂಟನ್ನು ನಮ್ಮ ವೃತ್ತಿಯವರು ಕಂಡು ನೂರು ವರ್ಷ ದಾಟಿತು. ಆದರೆ ದೊಡ್ಡವರ ಗೊರಕೆಗೆ ಆ ತಿಳಿವಳಿಕೆಯನ್ನು ಅನ್ವಯಿಸುವ ಕೆಲಸ ಆರಂಭವಾದದ್ದು 1980ರ ದಶಕದಲ್ಲಿ. ಆ ಕಾರ್ಯದಲ್ಲಿ ತೊಡಗಿದವರ ಪೈಕಿ ನನಗೆ ವಿಶೇಷ ಪ್ರೀತಿಯುಳ್ಳವರು ಹವಾಯಿ ದ್ವೀಪಸಮೂಹದ ಹೊನೊಲುಲುವಿನಲ್ಲಿ ಹಲ್ಲುಗಳ ವಕ್ರತೆಯನ್ನು ತಿದ್ದುವ ವೈದ್ಯರಾಗಿದ್ದ ಪೀಟರ್ ಜಾರ್ಜ್. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರ ಎತ್ತುವ ಸ್ಪರ್ಧೆಯ ಸ್ವರ್ಣಪದಕವನ್ನು ಗೆದ್ದ ಈ ಮಲ್ಲನೇ, ಮುಂದೆ ದಂತವೈದ್ಯನಾಗಿ, ನಿದ್ದೆಯಲ್ಲಿ ಉಸಿರುಗಟ್ಟುವವರಿಗೆ ದವಡೆಯ ಸಾಧನವೊಂದನ್ನು ರಚಿಸಿದ; ಅಲ್ಲದೆ, ದವಡೆ ಎಷ್ಟು ಮುಂದೆ ಬರಬಲ್ಲುದೆಂದು ಅಳೆಯುವುದಕ್ಕಾಗಿ ಆತ ನಿರ್ಮಿಸಿದ ಜಾರ್ಜ್ ಗೇಜ್ ಎಂಬ ಪುಟ್ಟ ಅಳತೆಗೋಲನ್ನು ಇಂದಿಗೂ ನಮ್ಮಂಥವರು ಕೈಯಲ್ಲಿ ಹಿಡಿಯುತ್ತೇವೆ.

ಸಾಧನವನ್ನು ಮಾಡುವ ಕ್ರಮವು ಸರಳವಾಗಿ ಕಂಡರೂ ತಾಳ್ಮೆಯನ್ನು ಬೇಡತಕ್ಕದ್ದು. ಮೇಲಿನ ಮತ್ತು ಕೆಳಗಿನ ಹಲ್ಲುಗಳ ಅಳತೆ ತೆಗೆದು, ಅವುಗಳ ಮೇಲೆ ಬಿಗಿಯಾಗಿ ಕೂರುವ ಎರಡು ಕವಚಗಳನ್ನು ಪ್ರಯೋಗಾಲಯದಲ್ಲಿ ಮಾಡಿಸಿ, ಅವೆರಡನ್ನೂ ತಿರುಪು ಅಥವಾ ಪಟ್ಟಿಗಳಿಂದ ಜೋಡಿಸಿ, ಕೆಳದವಡೆಯು ತಾನು ಮುಂದೆ ಬರಬಲ್ಲ ಪರಮಾವಧಿಯ ಅರ್ಧದಷ್ಟೋ ಅದಕ್ಕಿಂತ ತುಸು ಹೆಚ್ಚೋ ಮುಂದಿರುವಂತೆ ಮೊದಲು ನಿಲ್ಲಿಸುತ್ತೇವೆ. ಅಲ್ಲಿಂದ ಮುಂದೆ, ಕೀಲಿಗೆ ನೋವಾಗದಂತೆ, ವಾರಗಳ ಅವಧಿಯಲ್ಲಿ ಮಿಲಿಮೀಟರಿನ ಅಂಶಾಂಶವಾಗಿ ಮುಂದೂಡುತ್ತ ಹೋಗಬೇಕು. ಗೊರಕೆ ತಗ್ಗಿತು, ಬೆಳಗಿನ ತಲೆಭಾರ ಇಳಿಯಿತು, ಹಗಲಿನ ಜೋಂಪು ಕಡಮೆಯಾಯಿತು ಎಂಬ ವರದಿಗಳನ್ನು ರೋಗಿಯಿಂದಲೂ ಮನೆಯವರಿಂದಲೂ ಕೇಳಿಕೊಂಡು ಹದವಾದ ಸ್ಥಾನವನ್ನು ನಿಶ್ಚಯಿಸಬೇಕು. ಅಂಗಡಿಯಲ್ಲಿಯೂ ಆನ್‌ಲೈನಿನಲ್ಲಿಯೂ ಸಿಕ್ಕುವ, ಬಿಸಿನೀರಿನಲ್ಲಿ ಅದ್ದಿ ಕಚ್ಚಿಕೊಂಡರೆ ಹಲ್ಲಿನ ಆಕಾರ ತಳೆಯುವ ಸಿದ್ಧವಸ್ತುಗಳಿಗೂ ಇದಕ್ಕೂ ಇರುವ ಅಂತರ ಇಲ್ಲಿಯೇ ಇದೆ. ಎರಡನ್ನೂ ಹೋಲಿಸಿ ನಡೆಸಿದ ಪರೀಕ್ಷೆಗಳಲ್ಲಿ ಅಳತೆಗೆ ಮಾಡಿಸಿದ ಸಾಧನವೇ ಮೇಲೆಂದು ಕಂಡುಬಂದಿದೆ. ಸಿದ್ಧವಸ್ತುವು ರಾತ್ರಿ ಬಾಯಿಂದ ಕಳಚಿಬೀಳುವುದೂ ಉಂಟು, ದವಡೆಯನ್ನು ಬೇಕಾದಷ್ಟು ಮುಂದಕ್ಕೆ ತಾರದೆ ಕೇವಲ ಬಾಯಿ ಮುಚ್ಚಿಸಿ ಸದ್ದನ್ನು ಅಡಗಿಸುವುದೂ ಉಂಟು.

ಈ ಎರಡನೆಯ ಸಂಭವವನ್ನೇ ಕುರಿತು ನಾನು ಹೆಚ್ಚು ಹೇಳಬೇಕಾಗಿದೆ. ಉಡುಪಿ ಕಡೆಯಿಂದ ಬಂದು ಇಲ್ಲಿಯ ಎರಡನೆಯ ಫೇಸಿನ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರಾಗಿರುವ, ನನಗೆ ಪರಿಚಿತರಾದ ಗೃಹಸ್ಥರೊಬ್ಬರು ಮುರಿದ ದವಡೆಹಲ್ಲನ್ನು ತೋರಿಸಲು ಬಂದಿದ್ದರು. ಬಾಯಿ ತೆರೆಸಿ ನೋಡಿದಾಗ ಹಲ್ಲುಗಳೆಲ್ಲ ರಾತ್ರಿ ಮಸೆದು ಚಪ್ಪಟೆಯಾಗಿದ್ದುವು. ನಾಲಗೆಯ ಅಂಚಿನಲ್ಲಿ ಹಲ್ಲಿನ ಗುರುತುಗಳು ಸಾಲಾಗಿ ಮೂಡಿದ್ದುವು. ನಾಲಗೆ ಚಾಚಿಸಿದರೂ ಕಿರುನಾಲಗೆಯಾಗಲಿ ಹಿಂದಂಗುಳದ ಮೃದುಭಾಗವಾಗಲಿ ಕಾಣಿಸುತ್ತಿರಲಿಲ್ಲ. ಈ ಕೊನೆಯ ಲಕ್ಷಣವನ್ನು ನಾಲ್ಕು ತರಗತಿಗಳಾಗಿ ಎಣಿಸುವ ಕ್ರಮಕ್ಕೆ, ಅದರ ಮೂಲ ವಿಂಗಡಣೆಯನ್ನು 1985ರಲ್ಲಿ ಪ್ರಕಟಿಸಿದ ಆಂಧ್ರಮೂಲದ ಅರಿವಳಿಕೆತಜ್ಞ ಡಾ. ಶೇಷಗಿರಿರಾವ್ ಮಲ್ಲಂಪಾಟಿಯವರ ಹೆಸರೇ ನಿಂತಿದೆ. ಇವರದು ನಾಲ್ಕನೆಯ ತರಗತಿ. ಗೊರಕೆಯುಂಟೇ ಎಂದು ಕೇಳಿದೆ. "ಇತ್ತು ಡಾಕ್ಟ್ರೇ, ಈಗ ಇಲ್ಲ. ಒಂದು ಕ್ಲಿಪ್ ತರಿಸಿಕೊಂಡೆ, ಅದು ಹಾಕಿದ ಮೇಲೆ ಮನೆಯಲ್ಲಿ ಎಲ್ಲರೂ ಆರಾಮ" ಎಂದರು. ಹಗಲಿನ ನಿದ್ದೆ? ಅದು ಹಾಗೆಯೇ ಇತ್ತು. ರಕ್ತದೊತ್ತಡದ ಮಾತ್ರೆಗಳು ಒಂದಿದ್ದುದು ಮೂರಾಗಿದ್ದುವು. ರಾತ್ರಿ ನಿದ್ದೆಗೆಡಿಸುತ್ತಿದ್ದ ಸದ್ದು ಹೋದುದರಿಂದ, ನಡುನಡುವೆ ಉಸಿರು ನಿಲ್ಲುವುದನ್ನು ಗಮನಿಸುತ್ತಿದ್ದ ಮನೆಯಾಕೆಯ ಎಚ್ಚರವೂ ಹೋಗಿತ್ತು. ಆ ಕ್ಲಿಪ್ಪನ್ನು ಬಾಯಲ್ಲಿಟ್ಟುಕೊಂಡೇ ನಿದ್ರಾಪರೀಕ್ಷೆಗೆ ಹೋಗಿರೆಂದು ಒತ್ತಾಯಿಸಿ ಕಳುಹಿಸಿದೆ. ವರದಿಯಲ್ಲಿ ಗಂಟೆಯ ಎಣಿಕೆ 30ನ್ನು ದಾಟಿತ್ತು. ಸದ್ದು ನಿಂತಿತ್ತು, ಉಸಿರೂ ನಿಲ್ಲುತ್ತಲೇ ಇತ್ತು. ಅವರಿಗೆ ಈಗ ಶ್ವಾಸರೋಗತಜ್ಞರ ಸಲಹೆಯಂತೆ, ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರದ ಚಿಕಿತ್ಸೆ ನಡೆದಿದೆ, ಮಾತ್ರೆಗಳು ಕಡಮೆಯಾಗಿವೆ. ಅವರ ಮುಖದಲ್ಲಿ ಕಾಣುವ ಗೆಲವು ನನಗೆ ಎಷ್ಟೋ ಹಲ್ಲುಗಳನ್ನು ಉಳಿಸಿದುದಕ್ಕಿಂತ ಹೆಚ್ಚಿನ ಸಂತೋಷವನ್ನು ಕೊಟ್ಟಿದೆ.

ಆದಕಾರಣ ನಾನು ಒಂದು ನಿಯಮವನ್ನಿಟ್ಟುಕೊಂಡಿದ್ದೇನೆ: ನಿದ್ರಾಪರೀಕ್ಷೆಯ ವರದಿಯಿಲ್ಲದೆ ದೊಡ್ಡವರ ಗೊರಕೆಗೆ ಸಾಧನವನ್ನು ಮಾಡಿಕೊಡುವುದಿಲ್ಲ. ಇದರಿಂದ ಮುನಿಸಿಕೊಂಡು ಹೋದವರೂ ಉಂಟು. ದಂತವೈದ್ಯನು ಲಕ್ಷಣಗಳನ್ನು ಗುರುತಿಸಬಹುದು, ಗುರುತಿಸಲೇಬೇಕು. ವರ್ಷಕ್ಕೊಮ್ಮೆಯಾದರೂ ಬಾಯೊಳಗೆ ಬೆಳಕು ಬಿಟ್ಟು ನೋಡುವವನು ಅವನೇ. ಆದರೆ ವ್ಯಾಧಿಯನ್ನು ನಿರ್ಣಯಿಸುವ ಅಧಿಕಾರ ನಿದ್ರಾರೋಗಗಳನ್ನು ಬಲ್ಲ ವೈದ್ಯರದು. ಅಮೆರಿಕದ ದಂತವೈದ್ಯರ ಸಂಘವು 2017ರಲ್ಲಿ ಅಂಗೀಕರಿಸಿದ ನೀತಿಯೂ ಕೆಲಸವನ್ನು ಹೀಗೆಯೇ ಹಂಚಿದೆ. ಪರೀಕ್ಷೆಯೆಂದರೆ ಹೆದರಬೇಕಾದದ್ದೇನಿಲ್ಲ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿ ತಲೆಗೂ ಎದೆಗೂ ತಂತಿಗಳನ್ನು ಅಂಟಿಸಿಕೊಳ್ಳುವ ಪೂರ್ಣಪರೀಕ್ಷೆಯೊಂದು. ಬೆರಳಿಗೊಂದು ಮೂಗಿಗೊಂದು ಎದೆಗೊಂದು ಸಂವೇದಕವನ್ನು ತೊಟ್ಟು ಮನೆಯಲ್ಲಿಯೇ ಮಲಗುವ ಸಂಕ್ಷಿಪ್ತ ಪರೀಕ್ಷೆ ಇನ್ನೊಂದು. ಠಾಣೆ, ಕಲ್ಯಾಣ್, ನವಿಮುಂಬಯಿಗಳಲ್ಲಿ ಎರಡೂ ಈಗ ದೊರೆಯುತ್ತವೆ. ಕೆಲವರಲ್ಲಿ ಗಂಟಲು ತೆರೆದೇ ಇದ್ದು, ಉಸಿರಾಡೆಂಬ ಆಜ್ಞೆಯೇ ಮೆದುಳಿನಿಂದ ಹೊರಡದೆ ಉಸಿರು ನಿಲ್ಲುವುದುಂಟು; ಅಂಥವರಿಗೆ ದವಡೆಯನ್ನು ಎಷ್ಟು ಮುಂದೆ ತಂದರೂ ಪ್ರಯೋಜನವಿಲ್ಲ, ಮತ್ತು ಆ ಭೇದ ಪರೀಕ್ಷೆಯಿಂದಲ್ಲದೆ ತಿಳಿಯುವಂತಿಲ್ಲ.

ಹಾಗಾದರೆ ಯಂತ್ರ ಮೇಲೋ ಸಾಧನ ಮೇಲೋ? ಆಸ್ಟ್ರೇಲಿಯದ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ಸಿಪ್ಯಾಪ್ ವಿಧಾನವು, ಮೂಗಿಗೆ ಕಟ್ಟಿದ ಮುಖವಾಡದ ಮೂಲಕ ಗಾಳಿಯ ಸೌಮ್ಯವಾದ ಒತ್ತಡವನ್ನು ಎಡೆಬಿಡದೆ ಕಳುಹಿಸಿ ಗಂಟಲನ್ನು ಒಳಗಿನಿಂದಲೇ ತೆರೆದಿಡುತ್ತದೆ. ಉಸಿರಿನ ತಡೆಯನ್ನು ಇಲ್ಲವಾಗಿಸುವ ಶಕ್ತಿಯಲ್ಲಿ ಅದಕ್ಕೆ ಸಮಾನವಾದ ಸಾಧನ ನಮ್ಮಲ್ಲಿಲ್ಲ, ತೀವ್ರವ್ಯಾಧಿಯುಳ್ಳವರು ಮೊದಲು ಅದನ್ನೇ ಪ್ರಯತ್ನಿಸಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ತಲೆದಿಂಬಿನ ಪಕ್ಕದಲ್ಲಿ ಇಟ್ಟಮಾತ್ರಕ್ಕೆ ಯಂತ್ರ ಗುಣಕೊಡಲಾರದು. ಮುಖವಾಡದ ಒತ್ತಡ, ಮೂಗಿನ ಶುಷ್ಕತೆ, ವಿದ್ಯುತ್ತು ಹೋದಾಗಿನ ಪರದಾಟ, ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗುವ ರಾತ್ರಿ ಅದನ್ನು ಹೊತ್ತೊಯ್ಯುವ ತೊಡಕು, ಇವುಗಳಿಂದ ಬೇಸತ್ತು ಹಲವರು ಅದನ್ನು ಕಪಾಟಿಗೆ ಸೇರಿಸುತ್ತಾರೆ. 2013ರಲ್ಲಿ ಸಿಡ್ನಿಯ ಸಂಶೋಧಕರು, ಮಧ್ಯಮದಿಂದ ತೀವ್ರದವರೆಗಿನ ವ್ಯಾಧಿಯುಳ್ಳ 126 ಮಂದಿಗೆ ಎರಡೂ ಚಿಕಿತ್ಸೆಗಳನ್ನು ಒಂದರ ಬಳಿಕ ಇನ್ನೊಂದರಂತೆ ಒಂದೊಂದು ತಿಂಗಳು ಕೊಟ್ಟು ನೋಡಿದಾಗ, ತಡೆಗಳನ್ನು ಕಡಮೆಮಾಡುವುದರಲ್ಲಿ ಯಂತ್ರವೇ ಮುಂದಾಗಿದ್ದರೂ, ರಕ್ತದೊತ್ತಡ, ಹಗಲಿನ ನಿದ್ದೆ, ವಾಹನ ಚಾಲನೆಯ ಸಾಮರ್ಥ್ಯ ಮೊದಲಾದ ಫಲಗಳಲ್ಲಿ ಬಾಯಿಯ ಸಾಧನ ಹಿಂದೆ ಬೀಳಲಿಲ್ಲ. ಯಂತ್ರವನ್ನು ರಾತ್ರಿಗೆ ಐದು ಗಂಟೆಯ ಆಸುಪಾಸು ತೊಟ್ಟ ಜನ ಸಾಧನವನ್ನು ಆರೂವರೆ ಗಂಟೆಯಷ್ಟು ತೊಟ್ಟಿದ್ದುದೇ ಇದಕ್ಕೆ ಕಾರಣವೆಂದು ಅವರು ಅಭಿಪ್ರಾಯಪಟ್ಟರು. 2015ರಲ್ಲಿ ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯೂ ದಂತನಿದ್ರಾವೈದ್ಯರ ಅಕಾಡೆಮಿಯೂ ಕೂಡಿ ಹೊರಡಿಸಿದ ಮಾರ್ಗಸೂಚಿಯು, ಅಪ್ನಿಯಾ ಇಲ್ಲದ ಬರಿಯ ಗೊರಕೆಯವರಿಗೂ, ಯಂತ್ರವನ್ನು ಸಹಿಸಲಾರದ ಅಥವಾ ಒಲ್ಲದ ಅಪ್ನಿಯಾ ರೋಗಿಗಳಿಗೂ ಬಾಯಿಯ ಸಾಧನವನ್ನು ವಿಧಿಸಬಹುದೆಂದು ಹೇಳಿದೆ. ಆದರೂ ಓದುಗರು ಒಂದನ್ನು ತಿಳಿದಿರಬೇಕು: ಸಾಧನ ತೊಟ್ಟವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ವ್ಯಾಧಿ ಪೂರ್ತಿಯಾಗಿ ಹತೋಟಿಗೆ ಬರುತ್ತದೆ, ಇನ್ನೊಂದು ಪಾಲಿಗೆ ಅರ್ಧಕ್ಕಿಂತ ಕಡಮೆಯಾಗುತ್ತದೆ, ಉಳಿದವರಿಗೆ ಹೇಳಿಕೊಳ್ಳುವಷ್ಟು ಫಲವಿರುವುದಿಲ್ಲ, ಯಾರು ಯಾವ ಪಾಲಿಗೆ ಸೇರುವರೆಂದು ಬಾಯಿ ನೋಡಿ ಹೇಳುವ ವಿದ್ಯೆ ಇನ್ನೂ ನಮಗೆ ಸಿದ್ಧಿಸಿಲ್ಲ.

ಸಾಧನವನ್ನು ಹೊರುವುದು ಹಲ್ಲುಗಳಾದುದರಿಂದ ಹಲ್ಲುಗಳು ಗಟ್ಟಿಯಾಗಿರಬೇಕು. ವಸಡಿನ ರೋಗದಿಂದ ಹಲ್ಲು ಅಲುಗಾಡುತ್ತಿರುವವರಿಗೂ, ದವಡೆಯ ಕೀಲಿನ ನೋವಿನಿಂದ ಬಳಲುವವರಿಗೂ ಮೊದಲು ಅದರ ಚಿಕಿತ್ಸೆಯಾಗಬೇಕು. ಒಂದೊಂದು ದವಡೆಯಲ್ಲಿ ಎಂಟು ಹತ್ತಾದರೂ ದೃಢವಾದ ಹಲ್ಲುಗಳಿಲ್ಲದಿದ್ದರೆ ಸಾಧನಕ್ಕೆ ಹಿಡಿತವಿರದು. ನಮ್ಮ ಕನ್ನಡಿಗ ಹಿರಿಯರಲ್ಲಿ ತಂಬಾಕಿನ ಎಲೆಯಡಕೆಯಿಂದ ವಸಡು ಕಳೆದುಕೊಂಡು ಪೂರ್ತಿ ಹಲ್ಲಿನ ಸೆಟ್ ಹಾಕಿಸಿಕೊಂಡವರು ಬಹಳ; ಅವರಿಗಾಗಿ, ಮೆತ್ತಗಿನ ಗುಳ್ಳೆಯೊಂದರ ಚೂಷಣದಿಂದ ನಾಲಗೆಯ ತುದಿಯನ್ನೇ ಮುಂದೆ ಹಿಡಿದಿಡುವ ಬೇರೊಂದು ಉಪಕರಣವುಂಟು. ಷಿಕಾಗೋ ನಗರದ ಮನೋವೈದ್ಯ ಚಾರ್ಲ್ಸ್ ಸ್ಯಾಮೆಲ್‌ಸನ್ ರೂಪಿಸಿದ, 1982ರಲ್ಲಿ ವೈದ್ಯಪತ್ರಿಕೆಯಲ್ಲಿ ವರ್ಣಿತವಾದ ಆ ಉಪಕರಣಕ್ಕೆ ಒಗ್ಗಿಕೊಳ್ಳುವುದು ಸುಲಭವಲ್ಲ, ಆದರೆ ಒಗ್ಗಿಕೊಂಡವರಿಗೆ ಅದು ಉಪಕಾರಿಯೇ. ದವಡೆಯ ಸಾಧನ ತೊಡುವವರಿಗೂ ಮೊದಮೊದಲು ಜೊಲ್ಲು ಸುರಿಯುವುದು, ಬೆಳಗ್ಗೆ ಹಲ್ಲು ಕೂಡಿಬಾರದಿರುವುದು, ಕೀಲು ನೋಯುವುದು ಇರುತ್ತವೆ. ಇವು ಬಹುತೇಕ ಕೆಲವು ವಾರಗಳಲ್ಲಿ ಶಮನವಾಗುತ್ತವೆ. ವರ್ಷಗಳ ಮೇಲೆ ಮೇಲಿನ ಮುಂಬಲ್ಲುಗಳು ತುಸು ಒಳಕ್ಕೂ ಕೆಳಗಿನವು ತುಸು ಹೊರಕ್ಕೂ ಸರಿದು ಕಚ್ಚುವಿಕೆ ಬದಲಾಗುವುದು ಮಾತ್ರ ಉಳಿಯತಕ್ಕ ಪರಿಣಾಮ. ದಂತವೈದ್ಯನಾಗಿ ಹಲ್ಲಿನ ಸಾಲು ಸರಿಯುವುದನ್ನು ನೋಡಲು ನನಗೆ ಇಷ್ಟವಿಲ್ಲ; ಆದರೆ ಹಲ್ಲಿನ ಅಂದ ಮತ್ತು ರಾತ್ರಿಯ ಉಸಿರು ಎರಡರಲ್ಲಿ ಒಂದನ್ನು ಆಯಬೇಕಾದಾಗ ಯಾವುದನ್ನು ಆಯತಕ್ಕದ್ದೆಂದು ನನಗೆ ಸಂಶಯವಿಲ್ಲ. ಈ ಸಂಗತಿಯನ್ನು ಮೊದಲೇ ರೋಗಿಗೆ ಹೇಳಿ, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಕರೆದು ನೋಡುತ್ತಿರುವುದು ವೈದ್ಯನ ಕರ್ತವ್ಯ.

ಮೇಲಿನ ಕೆಳಗಿನ ದವಡೆಗಳೆರಡನ್ನೂ ಕೊಯ್ದು ಒಂದು ಸೆಂಟಿಮೀಟರಿನಷ್ಟು ಮುಂದಿಟ್ಟು ಕೂಡಿಸುವ ದೊಡ್ಡ ಶಸ್ತ್ರಚಿಕಿತ್ಸೆಯೂ ಉಂಟು. ಅಮೆರಿಕದ ಸ್ಟಾನ್‌ಫರ್ಡಿನಲ್ಲಿ 1980ರ ದಶಕದಲ್ಲಿ ಬೆಳೆದ ಆ ವಿಧಾನ ಬಹಳ ಫಲಕಾರಿ, ಆದರೆ ಯಂತ್ರ-ಸಾಧನಗಳೆರಡೂ ಸೋತ, ಹುಟ್ಟಿನಿಂದಲೇ ದವಡೆ ಹಿಂದಿರುವ ಕೆಲವೇ ಜನರಿಗೆ ಅದು ಸಲ್ಲತಕ್ಕದ್ದು.

ಮಕ್ಕಳ ವಿಷಯ ಬೇರೆಯೇ. ಮಗು ದಿನವೂ ಗೊರಕೆ ಹೊಡೆಯುವುದು, ಬಾಯಿ ತೆರೆದು ಮಲಗುವುದು, ಶಾಲೆಯಲ್ಲಿ ಚಂಚಲವಾಗಿರುವುದು ಇವನ್ನು ಕಂಡ ತಾಯಿತಂದೆಯರು "ಅಪ್ಪನ ಹಾಗೆಯೇ ಗೊರಕೆ" ಎಂದು ನಕ್ಕು ಬಿಡಬಾರದು. ಮಕ್ಕಳಲ್ಲಿ ಇದಕ್ಕೆ ಬಹುಮಟ್ಟಿಗೆ ಕಾರಣ ಗಂಟಲಿನ ಟಾನ್ಸಿಲ್ ಹಾಗೂ ಮೂಗಿನ ಹಿಂಬದಿಯ ಅಡಿನಾಯ್ಡ್ ಗ್ರಂಥಿಗಳು ಊದಿಕೊಂಡಿರುವುದು. ಆದ್ದರಿಂದ ಮೊದಲು ಕಾಣಬೇಕಾದದ್ದು ಕಿವಿ-ಮೂಗು-ಗಂಟಲಿನ ವೈದ್ಯರನ್ನು. ಅಂಗುಳ ಕಮಾನಿನಂತೆ ಎತ್ತರವಾಗಿ ಇಕ್ಕಟ್ಟಾಗಿದ್ದರೆ, ಎಳೆವಯಸ್ಸಿನಲ್ಲಿಯೇ ತಿರುಪಿನ ಸಾಧನದಿಂದ ಅದನ್ನು ಅಗಲಿಸುವ ಚಿಕಿತ್ಸೆ ನಮ್ಮ ಪಾಲಿಗೆ ಬರುತ್ತದೆ. ಅಂಗುಳದ ನಡುವಣ ಸಂದು ಹರೆಯದ ಹೊತ್ತಿಗೆ ಬೆಸೆದುಕೊಳ್ಳತೊಡಗುವುದರಿಂದ ಅದಕ್ಕೆ ಕಾಲಮಿತಿಯುಂಟು.

ಇನ್ನು ನನ್ನ ಬಳಿಗೋ ನಿಮಗೆ ಸಮೀಪದ ಬೇರೊಬ್ಬ ದಂತವೈದ್ಯರ ಬಳಿಗೋ ಕ್ಲಿಪ್ ಬೇಕೆಂದು ಹೋಗುವ ಮುನ್ನ, ಮನೆಯವರಿಂದ ಒಂದು ಕೆಲಸ ಮಾಡಿಸಿ. ಗೊರಕೆ ಹೊಡೆಯುವವರು ಅಂಗಾತ ಮಲಗಿದ್ದಾಗ ಕೆಲವು ನಿಮಿಷಗಳ ಕಾಲ ಫೋನಿನಲ್ಲಿ ವೀಡಿಯೋ ತೆಗೆಸಿ. ಸದ್ದು ತಟ್ಟನೆ ನಿಂತು, ಎದೆ ಏರಿಳಿಯುತ್ತಿದ್ದು, ಸ್ವಲ್ಪ ಹೊತ್ತಿನ ಮೇಲೆ ಏದುಸಿರಿನೊಡನೆ ಮತ್ತೆ ಆರಂಭವಾಗುವುದು ಅದರಲ್ಲಿ ಕಂಡರೆ, ನಿದ್ರಾರೋಗದ ವೈದ್ಯರಿಗೆ ಅದಕ್ಕಿಂತ ಉತ್ತಮವಾದ ಪರಿಚಯಪತ್ರ ಬೇಡ. ಮದ್ಯವೂ ನಿದ್ದೆಯ ಮಾತ್ರೆಯೂ ಗಂಟಲಿನ ಬಿಗುವನ್ನು ಇನ್ನಷ್ಟು ಸಡಿಲಿಸುವುದರಿಂದ, ರಾತ್ರಿ ಅವನ್ನು ಸೇವಿಸುವ ರೂಢಿಯಿದ್ದರೆ ಮುಚ್ಚಿಡದೆ ಹೇಳಿ. ಮೂಗು ಸದಾ ಕಟ್ಟಿರುವವರು ಅದನ್ನೂ ಹೇಳಿ, ಏಕೆಂದರೆ ಮೂಗು ಕಟ್ಟಿದವರಿಗೆ ಬಾಯಿಯ ಸಾಧನವೂ ಮುಖವಾಡವೂ ಒಗ್ಗುವುದು ಕಷ್ಟ. ಸಾಧನವನ್ನು ಮಾಡಿಸಿ ಹದಕ್ಕೆ ತಂದಾದಮೇಲೆ, ಅದನ್ನು ಬಾಯಲ್ಲಿಟ್ಟುಕೊಂಡು ಇನ್ನೊಮ್ಮೆ ನಿದ್ರಾಪರೀಕ್ಷೆ ಮಾಡಿಸಲೇಬೇಕು. ಖರ್ಚಾಯಿತೆಂದು ಹೆಚ್ಚಿನವರು ಬಿಟ್ಟುಬಿಡುವುದು ಈ ಎರಡನೆಯ ಪರೀಕ್ಷೆಯನ್ನೇ. ಮನೆಯಲ್ಲಿ ಈಗಾಗಲೇ ಸಿಪ್ಯಾಪ್ ಯಂತ್ರವಿರುವವರು ಆ ವರದಿ ಕೈಗೆ ಬಂದು, ಎಣಿಕೆ ಇಳಿದಿದೆಯೆಂದು ವೈದ್ಯರು ಹೇಳುವ ತನಕ ಯಂತ್ರವನ್ನು ಯಾರಿಗೂ ಮಾರುವುದು ಬೇಡ.